ಮಿಂಚುಳ್ಳಿಯನ್ನು ನುಂಗಿದ ಕಂಪ್ಯೂಟರು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ರೆಕ್ಕೆಯಿದ್ದು, ಬೇಸಿಗೆ ಬಂದರೆ ಅವು ತಂಪು ಹುಡುಕಿಕೊಂಡು ಹಾರಿಹೋಗುತ್ತಿದ್ದ ಕಾಲದಲ್ಲಿ, ಮಿರುಗೂರು ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ಕನ್ನು ಯಾರೂ ಕೀಳುತ್ತಿರಲಿಲ್ಲ. ಕಿತ್ತರೆ ವಸ್ತು ಹಳೆಯದಾಗುತ್ತದೆ, ಹಳೆಯದಾದರೆ ಮನೆಯ ಸಿರಿ ಹೋಗುತ್ತದೆ ಎಂದು ಅವರ ನಂಬಿಕೆ. ಮಂಚಕ್ಕೆ ಪ್ಲಾಸ್ಟಿಕ್ಕು, ಕತ್ತಿಗೆ ಪ್ಲಾಸ್ಟಿಕ್ಕು, ಪಟ್ಟದ ಆನೆಯ ದಂತಕ್ಕೂ ಪ್ಲಾಸ್ಟಿಕ್ಕು. ಮಿರುಗರಾಯ ಮಹಾರಾಜ ಸಿಂಹಾಸನದ ಮೇಲೆ ಕೂತರೆ 'ಪರ್' ಅನ್ನುತ್ತಿತ್ತು, ಎದ್ದರೆ 'ಚರ್' ಅನ್ನುತ್ತಿತ್ತು. ಇಡೀ ಸಭೆ ತುಟಿ ಕಚ್ಚಿಕೊಂಡು ನಿಂತಿರುತ್ತಿತ್ತು.

ನಗುತ್ತಿದ್ದವರು ಇಬ್ಬರೇ. ಒಬ್ಬಳು ರಾಜನ ಒಬ್ಬಳೇ ಮಗಳು ಮಿಂಚುಳ್ಳಿ. ಇನ್ನೊಬ್ಬ ಕೆಂಚ. ಗುರುಗಳು ತೂಕಡಿಸುವಾಗ ಅವರ ಜುಟ್ಟಿಗೆ ಪೊರಕೆ ಕಟ್ಟಿ, ಗುರುಕುಲದಿಂದ ಆಚೆ ತಳ್ಳಿಸಿಕೊಂಡು ಬಂದವನು. ಅಜ್ಜಿಯ ಜೊತೆ ಅರಮನೆಯ ಹಿಂದಿನ ಗುಡಿಸಲಲ್ಲಿ ಇದ್ದ. ಅವನ ಜೋಕಿಗೆ ಅಜ್ಜಿ ಕೂಡ ನಗುತ್ತಿರಲಿಲ್ಲ. ಮಿಂಚುಳ್ಳಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅರಮನೆಯ ಸಭೆಯಲ್ಲಿ, ಸಿಂಹಾಸನದ ಪಕ್ಕ, ಮನೆಮಂದಿಗೆಲ್ಲ ಒಂದು ಕಂಪ್ಯೂಟರು ಇತ್ತು. ಒಂದು ದಿನ ಮಿಂಚುಳ್ಳಿ ಅದರಲ್ಲಿ ಆಟ ಆಡುತ್ತಿದ್ದಾಗ ಉರಿಮೂಗ ಎಂಬ ಮಾಂತ್ರಿಕ ಕಿಟಕಿಯಿಂದ ಇಳಿದ. ಬಿಸಿಯೇ ಅವನ ಊಟ. ಎಲ್ಲಿ ಏನು ಕಾದರೂ ಮೂಗು ಚಾಚಿ ಹೀರುತ್ತಿದ್ದ. ಅವನು ಚಿಟಿಕೆ ಹೊಡೆದ. ಮಿಂಚುಳ್ಳಿ ಪರದೆಯೊಳಗೆ ಹೋಗಿಬಿಟ್ಟಳು.

"ರಾಜಾ," ಅಂದ ಉರಿಮೂಗ, ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತು. "ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದು ಹಸಿರು ಗೆರೆ ಹರಿಯುತ್ತೆ. ಅದು ನೂರು ಮುಟ್ಟಿದರೆ ನಿನ್ನ ಮಗಳು ಆಚೆ ಬರ್ತಾಳೆ. ಮುಟ್ಟುವ ಮೊದಲೇ ಪೆಟ್ಟಿಗೆ ಕಾದು ಆರಿಹೋದರೆ, ಮೊದಲ ಸಲಕ್ಕೆ ಅವಳ ಬಣ್ಣ ಹೋಗುತ್ತೆ. ಎರಡನೇ ಸಲಕ್ಕೆ ದನಿ ಹೋಗುತ್ತೆ. ಮೂರನೇ ಸಲಕ್ಕೆ ಅವಳೇ ಇರೋದಿಲ್ಲ. ಕಾಯೋದಂತೂ ಕಾಯುತ್ತೆ. ನನಗೆ ಹಬ್ಬದೂಟ!"

ರಾಜ ಓಡಿಹೋಗಿ ಗುಂಡಿ ಒತ್ತಿದ. ಗೆರೆ ಹರಿಯಿತು. ಹತ್ತು, ಇಪ್ಪತ್ತು, ಮೂವತ್ತು. ಪೆಟ್ಟಿಗೆ ದೋಸೆ ಕಾವಲಿಯಂತೆ ಕಾಯಿತು. ಫ್ಯಾನು ಗೊರಗೊರ ಅಂದಿತು. ಠಪ್! ಆರಿಹೋಯಿತು. ಕತ್ತಲಾದ ಪರದೆಯೊಳಗೆ ಮಿಂಚುಳ್ಳಿ ಬೂದಿ ಬಣ್ಣವಾಗಿ ನಿಂತಿದ್ದಳು. ಉರಿಮೂಗ ಸೊರ್‍ರನೆ ಬಿಸಿ ಹೀರಿ ತೇಗಿದ.

ಡಂಗುರ ಹೊಡೆಸಿದರೂ ಯಾವ ವೀರನೂ ಬರಲಿಲ್ಲ. ಕೆಂಚ ಬಂದ.

"ನೀನಾ?" ಅಂದ ರಾಜ.

"ನಾನೇ ಬುದ್ಧೀ. ಬೇರೆ ಯಾರಾದರೂ ಬಂದಿದ್ದರೆ ನಾನು ಬರ್ತಾನೇ ಇರಲಿಲ್ಲ."

"ಇದು ತಮಾಷೆಯಲ್ಲ ಕಣೋ."

"ಗೊತ್ತು ಬುದ್ಧೀ. ಅವಳು ಹೋದರೆ ನನ್ನ ತಮಾಷೆ ಕೇಳೋರು ಯಾರು?"

ಕೆಂಚ ಪೆಟ್ಟಿಗೆಯ ಬಾಗಿಲು ತೆಗೆದ. ಒಳಗೆ ಪ್ರೊಸೆಸರ್ ಎಂಬ ಪುಟ್ಟ ಚಿಪ್ಪಿತ್ತು. ಯೋಚನೆ ಮಾಡಿ ಮಾಡಿ ಕಾಯುವುದು ಅದೇ. ಅದರ ತಲೆಯ ಮೇಲೆ ಬಿಸಿ ಹೀರಿಕೊಳ್ಳುವ ಲೋಹದ ಗಟ್ಟಿ, ಗಟ್ಟಿಯ ಮೇಲೆ ಆ ಬಿಸಿಯನ್ನು ಆಚೆ ಊದುವ ಫ್ಯಾನು. ಫ್ಯಾನನ್ನು ತಬ್ಬಿಕೊಂಡು ಒಂದು ಧೂಳುಕರಡಿ ಮಲಗಿತ್ತು. ಕೆಂಚ ಮುಟ್ಟಿದ್ದೇ ತಡ, ಅದು ಬೆಳೆದು ಚಾವಣಿ ಮುಟ್ಟಿತು.

"ಯಾರೋ ಅದು? ಹಿಡಿದು ನುಂಗಿಬಿಡ್ತೀನಿ!"

"ನುಂಗಣ್ಣ, ಬೇಡ ಅಂದೋರು ಯಾರು? ನುಂಗೋಕೆ ಮೊದಲು ಮೈ ಕೆರೆದುಕೊಡಲಾ? ಹುಟ್ಟಿದಾಗಿನಿಂದ ಸ್ನಾನ ಮಾಡಿಲ್ಲ ನೀನು."

ಕರಡಿಗೆ ಅದೇ ಬೇಕಿತ್ತು. ಕೆಂಚ ಫ್ಯಾನು ತಿರುಗಿ ಕೆಡದಂತೆ ಒಂದು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸುಣ್ಣ ಹಚ್ಚುವ ಬ್ರಶ್ಶಿನಿಂದ ಕರಡಿಯ ಬಗಲಿಗೆ ಕಚಗುಳಿ ಇಟ್ಟ. ಕರಡಿ ನಕ್ಕಿತು. ನಕ್ಕು ನಕ್ಕು ಸೀನಿತು. ಮೈಯೆಲ್ಲ ಧೂಳೇ ಆದ್ದರಿಂದ ಒಂದೇ ಸೀನಿಗೆ ಕಿಟಕಿಯಾಚೆ ಹಾರಿಹೋಯಿತು.

ರಾಜ ಗುಂಡಿ ಒತ್ತಿದ. ನಲವತ್ತು, ಐವತ್ತು, ಅರವತ್ತು. ಪೆಟ್ಟಿಗೆ ಕಾಯಿತು. ಠಪ್! ಮಿಂಚುಳ್ಳಿ ಬಾಯಿ ತೆರೆದಳು. ದನಿ ಬರಲಿಲ್ಲ.

ಕೆಂಚನಿಗೆ ಮೊದಲನೇ ಸಲ ಜೋಕು ಹೊಳೆಯಲಿಲ್ಲ. ಲೋಹದ ಗಟ್ಟಿಯನ್ನು ಬಿಚ್ಚಿದ. ಗಟ್ಟಿಗೂ ಚಿಪ್ಪಿಗೂ ನಡುವಿನ ತಂಪುಲೇಪ ಒಣಗಿ ಹಳೇ ಗೋಡೆಯ ಸುಣ್ಣದಂತೆ ಉದುರುತ್ತಿತ್ತು. ಅದನ್ನು ಬಟ್ಟೆಯಿಂದ ಒರೆಸಿ, ಹೊಸ ಲೇಪ ತರಲು, ಅದು ಸಿಗುವ ಒಂದೇ ಜಾಗವಾದ ಹಿಮಹಾವಿನ ಗುಹೆಗೆ ಹೊರಟ.

ಗುಹೆಯ ಬಾಯಲ್ಲಿ ಹಿಂದೆ ಬಂದ ವೀರರೆಲ್ಲ ನಿಂತಲ್ಲೇ ಅಂಟಿಕೊಂಡಿದ್ದರು. ಕೊಡಗಟ್ಟಲೆ ಲೇಪ ತುಂಬಿಕೊಳ್ಳಲು ಹೋಗಿ ಜಿಗುಟಾದವರು.

"ನಿನಗೆಷ್ಟು ಬೇಕು?" ಹಾವು ಕೇಳಿತು.

ಜಾಸ್ತಿ ಬಳಿದರೆ ಜಾಸ್ತಿ ತಂಪು ಅಂತ ಕೆಂಚನಿಗೂ ಆಸೆಯಾಯಿತು. ಅಂಟಿಕೊಂಡವರ ಮುಖ ನೋಡಿ ಆಸೆ ನುಂಗಿಕೊಂಡ. "ಒಂದು ಅಕ್ಕಿಕಾಳಿನಷ್ಟು ಸಾಕು ತಾಯೀ. ದೋಸೆಗೆ ಚಟ್ನಿ ಬಳಿಯೋಕೆ ಬಂದಿಲ್ಲ ನಾನು."

ಹಾವಿಗೆ ಖುಷಿಯಾಯಿತು. "ತಗೋ, ಎರಡು ಕಾಳು. ಒಂದು ಕೆಲಸಕ್ಕೆ, ಒಂದು ತಪ್ಪಿಗೆ."

"ನಾನು ತಪ್ಪು ಮಾಡ್ತೀನಿ ಅಂತ ಯಾರು ಹೇಳಿದರು?"

"ನಿನ್ನ ಮುಖ," ಅಂದಿತು ಹಾವು.

ಕೆಂಚ ಮರಳಿ ಬಂದು ಚಿಪ್ಪಿನ ನಡುಮಧ್ಯೆ ಒಂದು ಕಾಳು ಲೇಪ ಇಟ್ಟು, ಮೇಲೆ ಗಟ್ಟಿಯನ್ನು ಕೂರಿಸಿ ಬಿಗಿದ. ಗುಂಡಿಯ ಮೇಲೆ ಬೆರಳಿಟ್ಟ. ಇದು ಮೂರನೇ ಸಲ. ಉರಿಮೂಗ ಪೆಟ್ಟಿಗೆಯ ಮೇಲೆ ಮೂಗು ಚಾಚಿ ಸಿದ್ಧವಾದ. ರಾಜ ಸಿಂಹಾಸನದ ಮೇಲೆ ಕುಸಿದ. ಪರ್! ತಡೆಯಲಾರದೆ ಎದ್ದ. ಚರ್‍ರ್! ಹಿಂದುಗಡೆ ಪಂಚೆಯೆಲ್ಲ ಬೆವರಿನಲ್ಲಿ ತೊಯ್ದು ಅಂಟಿಕೊಂಡಿತ್ತು.

ಕೆಂಚ ಕಿಸಕ್ಕನೆ ನಕ್ಕ. "ಬುದ್ಧೀ, ಹಿಂದೆ ಕೆರೆ ಒಡೆದಿದೆ!"

"ಇಂಥ ಹೊತ್ತಲ್ಲೂ ನಗು ಬರುತ್ತಾ ನಿನಗೆ? ಆ ಪ್ಲಾಸ್ಟಿಕ್ಕಿನ ಮೇಲೆ ಕೂತರೆ ಮೈಯ ಬಿಸಿ ಎಲ್ಲಿಗೋ ಹೋಗಬೇಕು?"

ಕೆಂಚನ ನಗು ಅರ್ಧಕ್ಕೇ ನಿಂತಿತು. ಬೆರಳನ್ನು ಗುಂಡಿಯಿಂದ ತೆಗೆದ. ಗಟ್ಟಿಯನ್ನು ಬಿಚ್ಚಿ ತಿರುಗಿಸಿ ಬೆಳಕಿಗೆ ಹಿಡಿದ. ಅದರ ತಳದಲ್ಲಿ ನೀರಿನಂತೆ ತೆಳ್ಳಗೆ, ಕಂಡೂ ಕಾಣದ ಹಾಗೆ, ಒಂದು ಪ್ಲಾಸ್ಟಿಕ್ ಹಾಳೆ! ಗಟ್ಟಿ ಹೊಸದಾಗಿ ಬಂದಾಗ ಇದ್ದದ್ದು. ಮಿರುಗೂರಿನವರು ಯಾಕೆ ಕೀಳುತ್ತಾರೆ? ಆಗಲೇ ಲೇಪ ಹಚ್ಚುವಾಗ ಕೆಂಚ ಅದನ್ನು ನೋಡಿಯೂ ಇದ್ದ. ಹುಟ್ಟಿದಾಗಿನಿಂದ 'ಕೀಳಬೇಡ್ವೋ' ಅಂತ ಅಜ್ಜಿಯ ಕೈಲಿ ಏಟು ತಿಂದವನು. ಅದಕ್ಕೇ ಬಿಟ್ಟಿದ್ದ.

"ಬುದ್ಧೀ, ಚಿಪ್ಪಿನ ಬಿಸಿ ಗಟ್ಟಿಗೆ ಹತ್ತುತ್ತಾನೇ ಇಲ್ಲ. ನಡುವೆ ಇದು ಕೂತಿದೆ. ಇದನ್ನು ಕೀಳಬೇಕು."

ಸಭೆ 'ಹಾ' ಅಂದಿತು. ರಾಜ ಬಿಳಿಚಿಕೊಂಡ.

ಉರಿಮೂಗ ನೆಗೆದು ನಿಂತ. "ಕೀಳಬೇಡ ರಾಜಾ! ಕಿತ್ತರೆ ರಾಜ್ಯದ ಸಿರಿ ಹೋಗುತ್ತೆ! ನಿನ್ನ ಮುತ್ತಾತನಿಗೆ ನಾನು ಹೇಳಿದ ಮಾತು ಸುಳ್ಳಲ್ಲ!"

"ಓಹೋ!" ಅಂದ ಕೆಂಚ. "ಆ ಮಾತು ಹೇಳಿದ್ದು ನೀನೇನಾ ಮಾವಾ?"

ಮಾಂತ್ರಿಕ ನಾಲಿಗೆ ಕಚ್ಚಿಕೊಂಡ.

ಕೆಂಚ ಹಾಳೆಯ ತುದಿಗೆ ಉಗುರು ಹಾಕಿದ. ಅಜ್ಜಿಯ ಏಟು ನೆನಪಾಗಿ ಕೀಳದೆ ರಾಜನ ಕಡೆ ತಿರುಗಿದ. ರಾಜ ಪರದೆಯತ್ತ ನೋಡಿದ. ಒಳಗೆ ಬೂದಿ ಬಣ್ಣದ ಮಗಳು ಬಾಯಿಬಿಟ್ಟು 'ಅಪ್ಪಾ' ಅನ್ನುತ್ತಿದ್ದಳು, ದನಿಯಿಲ್ಲದೆ.

"ಕೊಡೋ ಇಲ್ಲಿ," ಅಂದ ರಾಜ. "ಮಗಳಿಗಿಂತ ಹೊಸದು ನನ್ನ ಮನೇಲಿ ಏನಿದೆ?"

ಸರ್‍ರನೆ ಕಿತ್ತ. ಆಕಾಶ ಬೀಳಲಿಲ್ಲ. ಗೋಡೆ ಬಿರಿಯಲಿಲ್ಲ. ಕೆಂಚ ಹಳೇ ಲೇಪ ಒರೆಸಿ, ತಪ್ಪಿಗೆಂದು ಕೊಟ್ಟ ಎರಡನೇ ಕಾಳನ್ನು ಇಟ್ಟು, ಗಟ್ಟಿಯನ್ನು ಬಿಗಿದು, ಕಣ್ಣು ಮುಚ್ಚಿ ಗುಂಡಿ ಒತ್ತಿದ.

ಅರವತ್ತು, ಎಪ್ಪತ್ತು. ಫ್ಯಾನು ಗೊರಗುಡಲಿಲ್ಲ. ಎಂಬತ್ತು. ಕೆಂಚ ಪೆಟ್ಟಿಗೆ ಮುಟ್ಟಿ ನೋಡಿದ. ಬೆಕ್ಕಿನ ಹೊಟ್ಟೆಯಷ್ಟೇ ಬೆಚ್ಚಗೆ. ತೊಂಬತ್ತು. ಉರಿಮೂಗ ಬಿಸಿಗಾಗಿ ಮೂಗು ಅರಳಿಸಿ ಹೀರಿದ. ಒಳಗೆ ಹೋದದ್ದು ತಣ್ಣನೆ ಗಾಳಿ. ಮೂಗಿನ ಉರಿ ಪುಸ್ ಅಂದಿತು. ಮೈ ಸುರುಟಿ ಸುರುಟಿ ಒಂದು ಸುಟ್ಟ ಬೆಂಕಿಕಡ್ಡಿಯಾಗಿ ನೆಲಕ್ಕೆ ಬಿತ್ತು.

ನೂರು!

ಪರದೆ ಬಾಗಿಲಿನಂತೆ ತೆರೆದುಕೊಂಡಿತು. ಮಿಂಚುಳ್ಳಿ ಬಣ್ಣಬಣ್ಣವಾಗಿ ಆಚೆ ಬಂದಳು. ರಾಜ ಅವಳನ್ನು ತಬ್ಬಿಕೊಂಡು ಅತ್ತ. ಅವಳ ಕೈ ಹಿಡಿದುಕೊಂಡೇ ಸಿಂಹಾಸನದ ಮೇಲೆ ಕೂತ. ಪರ್ ಅಂದಿತು.

ಮಿಂಚುಳ್ಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಂಚ ನಕ್ಕ. ಇಡೀ ಸಭೆ ನಕ್ಕಿತು. ಕೊನೆಗೆ ರಾಜನೂ ನಕ್ಕು, ಎದ್ದು ನಿಂತು, ಸಿಂಹಾಸನದ ಪ್ಲಾಸ್ಟಿಕ್ಕನ್ನೂ ಕಿತ್ತೆಸೆದ. ಕೆಳಗೆ ನವಿಲುಬಣ್ಣದ ರೇಷ್ಮೆ ಇತ್ತು. ಅವನ ತಾತನೂ ಅದನ್ನು ನೋಡಿರಲಿಲ್ಲ.

"ಏನು ಬೇಕು ಕೇಳೋ. ಅರ್ಧ ರಾಜ್ಯ ಕೊಡ್ತೀನಿ."

"ಅರ್ಧ ರಾಜ್ಯ ಗುಡಿಸೋರು ಯಾರು ಬುದ್ಧೀ? ಇನ್ನು ಮೇಲೆ ಊರಿಗೆ ಯಾವ ಹೊಸ ವಸ್ತು ಬಂದರೂ ಅದರ ಪ್ಲಾಸ್ಟಿಕ್ಕು ಕೀಳೋ ಹಕ್ಕು ನನಗೆ ಕೊಡಿ."

"ಅರ್ಧ ನನಗೆ!" ಅಂದಳು ಮಿಂಚುಳ್ಳಿ.

"ನಿನ್ನ ಹೊಟ್ಟೆ ತಣ್ಣಗಿರಲಿ ಕಣೋ," ಎಂದು ರಾಜ ಕೆಂಚನ ತಲೆ ಸವರಿದ.

ಅಂದಿನಿಂದ ಮಿರುಗೂರಿನಲ್ಲಿ ಎಲ್ಲಿ ನೋಡಿದರೂ ಸರ್‍ರ್ ಸರ್‍ರ್ ಸದ್ದು. ಮಾಂತ್ರಿಕನಾಗಿದ್ದ ಬೆಂಕಿಕಡ್ಡಿಯಿಂದ ಕೆಂಚನ ಅಜ್ಜಿ ಕಿವಿ ಕೆರೆದುಕೊಂಡು ಸುಖವಾಗಿದ್ದಳು. ಅಲ್ಲಿ ಅವರ ಪೆಟ್ಟಿಗೆ ತಣ್ಣಗಾಯಿತು, ಇಲ್ಲಿ ನಿಮ್ಮ ಹೊಟ್ಟೆ ತಣ್ಣಗಿರಲಿ.