ಮೇಲೆ ನೋಡುವ ಕನ್ನಡಕ

"ಇದು ಕನ್ನಡಕಾನೋ, ಕತ್ತು ಮುರಿಯೋ ಯಂತ್ರಾನೋ?"

ಬೆಳಗ್ಗೆ ಹತ್ತು ಗಂಟೆ. ಅಂಗಡಿಯ ಶಟರ್ ಇನ್ನೂ ಅರ್ಧವೇ ಎತ್ತಿದ್ದೆ. ಅದರಡಿಯಿಂದ ಬಗ್ಗಿ ಒಳಗೆ ಬಂದವಳು ನಾನು ಹಿಂದಿನ ವಾರ ಮಾಡಿಕೊಟ್ಟಿದ್ದ ಕನ್ನಡಕವನ್ನು ಗಾಜಿನ ಕೌಂಟರ್ ಮೇಲೆ ಮೆಲ್ಲಗೆ ಇಟ್ಟಳು. ಅಷ್ಟು ಕೋಪದಲ್ಲೂ ವಸ್ತುವನ್ನು ಕುಕ್ಕದೆ ಇಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ.

"ಏನಾಯ್ತು ಮೇಡಂ? ಪವರ್ ಸರಿ ಇದೆಯಲ್ಲ?"

"ಪವರ್ ಸರಿ ಇದೆ, ನನ್ನ ಕತ್ತು ಸರಿ ಇಲ್ಲ. ಓದೋ ಭಾಗ ಕೆಳಗಿಟ್ಟಿದೀರಿ. ನಾನು ಕೆಲಸ ಮಾಡೋದು ಮೇಲೆ ನೋಡ್ಕೊಂಡು! ಒಂದು ವಾರದಿಂದ ಕೋಳಿ ನೀರು ಕುಡಿಯೋ ಹಾಗೆ ತಲೆ ಹಿಂದಕ್ಕೆ ಹಾಕಿ ಹಾಕಿ ಸಾಕಾಯ್ತು."

ನಲವತ್ತು ದಾಟಿದವರಿಗೆ ಬೈಫೋಕಲ್ ಮಾಡುವಾಗ ಓದುವ ತುಂಡನ್ನು ಗಾಜಿನ ಕೆಳಗಡೆ ಕೂರಿಸುತ್ತೇವೆ. ಪೇಪರ್ ಓದುವವರು, ಸೂಜಿಗೆ ದಾರ ಪೋಣಿಸುವವರು, ಮೊಬೈಲ್ ಉಜ್ಜುವವರು ಎಲ್ಲರೂ ಕೆಳಗೇ ನೋಡುತ್ತಾರೆ. ಇಪ್ಪತ್ತು ವರ್ಷದಲ್ಲಿ ನಾನು ಯಾರನ್ನೂ 'ನೀವು ಎತ್ತ ನೋಡಿ ಕೆಲಸ ಮಾಡ್ತೀರಿ' ಎಂದು ಕೇಳಿದವನಲ್ಲ. ತಪ್ಪು ನನ್ನದೇ.

"ನಿಮ್ಮದು ಏನು ಕೆಲಸ?"

"ವಿಮಾನದ ಹೊಟ್ಟೆ ಕೆಳಗೆ. ಹ್ಯಾಂಗರಿನಲ್ಲಿ ಟೆಕ್ನಿಷಿಯನ್."

ನನ್ನ ಕಿವಿ ನೆಟ್ಟಗಾಯಿತು. ನಮ್ಮ ಅಂಗಡಿ ಇರುವುದು ಏರ್‌ಪೋರ್ಟ್ ಬೇಲಿಯ ಪಕ್ಕದ ರಸ್ತೆಯಲ್ಲಿ. ಪ್ರತಿ ಟೇಕಾಫಿಗೂ ಗೋಡೆಯ ಮೇಲಿನ ಫ್ರೇಮುಗಳೆಲ್ಲ ಗಡಗಡ ಅನ್ನುತ್ತವೆ. ಗಿರಾಕಿಗಳು ಬೈಯುತ್ತಾರೆ. ನಾನು ಮಾತ್ರ ಲೆನ್ಸ್ ಉಜ್ಜುತ್ತಲೇ ಬರೀ ಸದ್ದಿನಿಂದ ಯಾವ ವಿಮಾನ, ಯಾವ ಎಂಜಿನ್ ಎಂದು ಹೇಳಬಲ್ಲೆ. ಹುಚ್ಚು ಅನ್ನಿ, ಪರವಾಗಿಲ್ಲ. ನಮ್ಮಕ್ಕ ದಿನಾ ಅನ್ನುತ್ತಾಳೆ.

"ಯಾವ ವಿಮಾನ ಮೇಡಂ?" ಎಂದೆ.

"ಹಳೇ ಆರು."

ಅಯ್ಯೋ ದೇವರೇ! ನಮ್ಮ ಊರಿನ ಏರ್‌ಲೈನಿನ ಹಳೇ ಆರು ವಿಮಾನಗಳು. ಉದ್ದ, ಸಪೂರ ಮೈ. ಎಂಜಿನ್ನುಗಳು ರೆಕ್ಕೆಯ ಕೆಳಗಿರದೆ ಬಾಲದ ಹತ್ತಿರ, ಎರಡು ಕಿವಿಗಳ ಹಾಗೆ. ಹಿಂಬದಿಯಲ್ಲಿ ಅದರದೇ ಮೆಟ್ಟಿಲು. ಈಗಿನ ವಿಮಾನಗಳೆಲ್ಲ ಒಂದೇ ಅಚ್ಚಿನಲ್ಲಿ ಎರೆದಂತೆ ಇರುತ್ತವೆ, ಮೇಲೆ ಬಿಳಿ ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಾರೆ. ಈ ಆರು ಹಾಗಲ್ಲ, ಹತ್ತು ಮೈಲಿ ದೂರದಿಂದಲೇ ಗುರುತು ಸಿಗುತ್ತವೆ.

"ನಿಂತ್ಕೊಳ್ಳಿ, ಕೆಲಸ ಮಾಡೋ ಹಾಗೆ ಕೈ ಮೇಲೆತ್ತಿ. ಕಣ್ಣಿಂದ ಕೈಗೆ ಎಷ್ಟು ದೂರ ಅಂತ ಅಳೀಬೇಕು. ಓದೋ ತುಂಡು ಮೇಲೆ ಇರೋ ಹಾಗೆ ಹೊಸದು ಮಾಡಿಕೊಡ್ತೀನಿ, ದುಡ್ಡು ಬೇಡ."

ಅವಳು ಅಂಗಡಿಯ ನಡುವೆ ನಿಂತು ಕೈ ಮೇಲೆತ್ತಿದಳು. ಇಲ್ಲದ ಸ್ಪ್ಯಾನರನ್ನು ಹಿಡಿದು ಇಲ್ಲದ ಬೋಲ್ಟನ್ನು ತಿರುಗಿಸುವಂತೆ ಬೆರಳು ಆಡಿಸಿದಳು. ಉಗುರಿನ ಅಂಚಿನಲ್ಲಿ ತೆಳ್ಳಗೆ ಕಪ್ಪು ಗ್ರೀಸು. ನಾನು ಟೇಪಿನ ಒಂದು ತುದಿಯನ್ನು ಅವಳ ಕಣ್ಣಿನ ಪಕ್ಕಕ್ಕೆ ಹಿಡಿದೆ, ಇನ್ನೊಂದನ್ನು ಬೆರಳ ತುದಿಗೆ. ಅವಳು ಮೇಲೆಯೇ ನೋಡುತ್ತಿದ್ದಳು. ಒಮ್ಮೆ ಮಾತ್ರ ಕಣ್ಣು ಓರೆಯಾಗಿ ನನ್ನ ಕಡೆ ಬಂದು ತಕ್ಷಣ ಮೇಲಕ್ಕೆ ಹೋಯಿತು. ಓದಿದ ಅಳತೆ ನನಗೆ ಮರೆತೇಹೋಯಿತು. ಮತ್ತೆ ಅಳೆದೆ.

"ನಿಮಗೂ ವಿಮಾನದ ಹುಚ್ಚಾ?" ಎಂದಳು, ಮೇಲೆ ನೋಡುತ್ತಲೇ. "ನಮ್ಮ ಕ್ಯಾಂಟೀನಲ್ಲಿ 'ಬೇಲಿ ಪಕ್ಕದವನು' ಅಂತ ಒಬ್ಬನ ಬ್ಲಾಗ್ ಓದಿ ನಗ್ತೀವಿ. ಪುಣ್ಯಾತ್ಮ ಜನ್ಮದಲ್ಲಿ ಒಂದು ನಟ್ಟು ಬಿಚ್ಚಿಲ್ಲ, ಯಾವ ಕಂಪನಿ ಯಾವ ವಿಮಾನ ಕೊಳ್ಳಬೇಕು ಅಂತ ಪುಟಗಟ್ಟಲೆ ಉಪದೇಶ."

ನಾನು ಮೂರನೇ ಸಲ ಅಳೆದೆ.

"ನಲವತ್ತೆಂಟು ಸೆಂಟಿಮೀಟರ್. ಆ ಪುಣ್ಯಾತ್ಮ ನಾನೇ."

ಅವಳ ಕೈ ಮೇಲೆಯೇ ನಿಂತುಬಿಟ್ಟಿತು. ಆಮೇಲೆ ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು. ಅದೇ ಹೊತ್ತಿಗೆ ಅಕ್ಕ ಟಿಫಿನ್ ಡಬ್ಬಿ ಹಿಡಿದು ಒಳಗೆ ಬಂದಳು. ಟೇಪು ಹಿಡಿದು ನಿಂತ ತಮ್ಮನನ್ನೂ, ನಗುತ್ತಿದ್ದವಳನ್ನೂ ಒಂದು ಸುತ್ತು ನೋಡಿದಳು.

"ಏನೋ ಇದು? ಕನ್ನಡಕ ಬಿಟ್ಟು ಕೋಟು ಹೊಲಿಯೋಕೆ ಶುರು ಮಾಡಿದ್ಯಾ?"

*

ಗುರುವಾರ ಅವಳಿಗೆ ರಜೆ. ಹೊಸ ಕನ್ನಡಕ ತೆಗೆದುಕೊಳ್ಳಲು ಬಂದ ಗುರುವಾರ ನಾನು ಅವಳನ್ನು ಅಂಗಡಿಯ ಟೆರೇಸಿಗೆ ಕರೆದುಕೊಂಡು ಹೋದೆ. ನೀರಿನ ಟ್ಯಾಂಕಿನ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಬೈನಾಕ್ಯುಲರ್, ಫ್ಲಾಸ್ಕಿನಲ್ಲಿ ಟೀ. ಎದುರಿಗೇ ರನ್‌ವೇ, ಬಿಸಿಲಿಗೆ ಬೆಳ್ಳಗೆ ಮಲಗಿತ್ತು.

ಹಳೇ ಆರರಲ್ಲಿ ಒಂದು ರನ್‌ವೇ ತುದಿಗೆ ಬಂದು ನಿಂತಿತು.

"ಇದು ನಾಲ್ಕನೇದು," ಎಂದಳು. "ಎಡಗಡೆ ಚಕ್ರದ ಹೈಡ್ರಾಲಿಕ್ ಎಣ್ಣೆ ಸದಾ ತೊಟ್ಟಿಕ್ಕತ್ತೆ. ಮೊನ್ನೆ ತಾನೇ ಸೀಲ್ ಬದಲಾಯಿಸಿದೆ."

ಅದು ಓಡಿತು, ಮೂಗೆತ್ತಿತು, ನಮ್ಮ ತಲೆಯ ಮೇಲಿಂದ ಹೊಟ್ಟೆ ತೋರಿಸುತ್ತಾ ಹೋಯಿತು. ಸದ್ದು ಪೂರ್ತಿ ಇಳಿಯುವವರೆಗೆ ಅವಳು ಅದನ್ನೇ ನೋಡುತ್ತಿದ್ದಳು. ತಿರುಗಿ ನೋಡಿದರೆ ಕಣ್ಣಲ್ಲಿ ನೀರು.

"ಹತ್ತೊಂಬತ್ತು ವರ್ಷ ಆಯ್ತು. ಇವುಗಳನ್ನ ನಾನು ನಿಂತಿರೋದನ್ನೇ ನೋಡಿದೀನಿ. ಕೆಲಸ ಮುಗಿಸಿ ಸಹಿ ಹಾಕಿದ್ರೆ ಎಳ್ಕೊಂಡು ಹೋಗ್ತಾರೆ, ನಾನು ಇನ್ನೊಂದರ ಕೆಳಗೆ ಹೋಗ್ತೀನಿ. ಹೀಗೆ ನಿಂತು ನೋಡೇ ಇರಲಿಲ್ಲ ಕಣ್ರೀ."

ಅವತ್ತೇ ನನಗೆ ಅವಳ ಮೇಲೆ ಮನಸ್ಸಾಯಿತು. ನಲವತ್ತೈದನೇ ವಯಸ್ಸಿನಲ್ಲಿ, ಟೀ ಲೋಟ ಕೈಯಲ್ಲಿ ಆರುತ್ತಿರುವಾಗ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಆದರೆ ಅವಳಿಗೆ ಮಾತ್ರ ಹೇಳಲಿಲ್ಲ.

ಆಮೇಲಿನ ಗುರುವಾರಗಳೆಲ್ಲ ಜಗಳದಲ್ಲೇ ಕಳೆದವು, ಎಂಥ ಸಿಹಿ ಜಗಳ!

"ಒಂದೇ ಜಾತಿಯ ವಿಮಾನ ಇಟ್ಕೊಳ್ಳೋ ಕಂಪನಿ ಬುದ್ಧಿವಂತ ಕಂಪನಿ ಅಲ್ಲ," ಎನ್ನುತ್ತಿದ್ದೆ. "ಆ ಜಾತೀಲಿ ಒಂದು ದೋಷ ಸಿಕ್ಕಿದ್ರೆ ಅಷ್ಟೂ ವಿಮಾನ ನೆಲ ಹಿಡಿದು ಕೂರ್ಬೇಕು."

"ಬರೆಯೋರಿಗೇನು ಸ್ವಾಮಿ! ಒಂದೇ ಜಾತಿ ಇದ್ರೆ ನಮಗೆ ಎಷ್ಟು ಸುಖ ಗೊತ್ತಾ? ಒಂದೇ ಸ್ಟೋರು, ಒಂದೇ ಟ್ರೈನಿಂಗು. ನಾಲ್ಕು ಜಾತಿ ಇಟ್ರೆ ಬೇಕಾದ ಪಾರ್ಟು ಯಾವಾಗಲೂ ಇಲ್ಲದ ಪಾರ್ಟೇ."

"ಹಾಗಾದ್ರೆ ಹಳೇ ಆರನ್ನ ತೆಗೆದುಹಾಕಬೇಕು ಅಂತೀರಾ?"

"ಥೂ, ಬಿಡ್ತು ಅನ್ನಿ!" ಎಂದು ನನ್ನ ಕೈಗೆ ಪಟ್ ಅಂತ ಹೊಡೆದಳು. ಹೊಡೆದ ಜಾಗ ಸಂಜೆಯವರೆಗೂ ಬೆಚ್ಚಗೇ ಇದ್ದಂತೆ ನನಗನ್ನಿಸಿತು.

*

ಮಾತು ಬಾಯಿಂದ ಬಿದ್ದ ಎರಡೇ ತಿಂಗಳಿಗೆ ಸುದ್ದಿ ಬಂತು. ಏರ್‌ಲೈನ್ ಪೂರ್ತಿ ಹೊಸ ವಿಮಾನ ತರಿಸುತ್ತಿದೆ. ಹಳೇ ಆರು ಗುಜರಿಗೆ.

ಅವತ್ತು ಟೆರೇಸಿಗೆ ಬಂದವಳು ಟೀ ಮುಟ್ಟಲಿಲ್ಲ. "ಇನ್ನೂ ಗಟ್ಟಿಯಾಗಿವೆ ಕಣ್ರೀ. ನನ್ನ ಕೈಯಾರೆ ನೋಡ್ಕೊಂಡಿದೀನಿ. ಕತ್ತರಿಸಿ ತೂಕಕ್ಕೆ ಹಾಕ್ತಾರಂತೆ," ಎಂದು ಮುಖ ಆ ಕಡೆ ತಿರುಗಿಸಿದಳು.

ನನಗೆ ತಡೆಯಲಾಗಲಿಲ್ಲ. ಮನೆಗೆ ಹೋದವನೇ ಬ್ಲಾಗಿಗೆ ಬರೆಯಲು ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬರೆದಿದ್ದಿಲ್ಲ. ಚಿಕ್ಕ ರನ್‌ವೇಗಳಿಗೆ, ಮೆಟ್ಟಿಲಗಾಡಿಯೂ ಇಲ್ಲದ ಸಣ್ಣ ನಿಲ್ದಾಣಗಳಿಗೆ ಸರಕು ಸಾಗಿಸುವ ಕಂಪನಿಗೆ ಇವು ಇನ್ನೂ ಹತ್ತು ವರ್ಷ ದುಡಿಯುತ್ತವೆ, ಮಾರಿ, ಕೊಲ್ಲಬೇಡಿ ಎಂದೆ. ಕೊನೆಗೆ ಒಂದು ಸಾಲು ಸೇರಿಸಿದೆ: 'ವಿಮಾನ ಕೊಟ್ಟರೆ ಸಾಲದು. ಅವುಗಳ ಕೆಮ್ಮು ನೆಗಡಿ ಬಲ್ಲ ಕೈಗಳನ್ನೂ ಜೊತೆಗೆ ಕಳಿಸಬೇಕು, ಇಲ್ಲದಿದ್ದರೆ ಎರಡೇ ವರ್ಷಕ್ಕೆ ಅವು ಮೂಲೆ ಸೇರುತ್ತವೆ.'

ಆ ಸಾಲು ಬರೆಯುವಾಗ ಕಣ್ಣ ಮುಂದಿದ್ದದ್ದು ಅವಳ ಬೆರಳುಗಳು. ಹೊಗಳುವ ಭರದಲ್ಲಿ ನಾನು ಏನು ಬರೆಯುತ್ತಿದ್ದೇನೆ ಎಂದು ನನಗೇ ಹೊಳೆಯಲಿಲ್ಲ.

ಹ್ಯಾಂಗರಿನ ಮ್ಯಾನೇಜರ್ ಅದನ್ನು ಪ್ರಿಂಟ್ ತೆಗೆದು ದೊಡ್ಡವರ ಮೀಟಿಂಗಿಗೆ ಕೊಂಡೊಯ್ದನಂತೆ. ಒಂದು ತಿಂಗಳ ನಂತರ ಅವಳು ಎರಡೆರಡು ಮೆಟ್ಟಿಲು ಹಾರಿ ಟೆರೇಸಿಗೆ ಬಂದಳು.

"ಮಾರಾಟ ಆಯ್ತು! ಆರಕ್ಕೆ ಆರೂ! ದೂರದ ದೇಶದ ಸರಕು ಕಂಪನಿ ತಗೊಳ್ತಿದೆ."

ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ.

"ಇನ್ನೊಂದಿದೆ," ಅವಳ ದನಿ ಇಳಿಯಿತು. "ನಿಮ್ಮ ಸಾಲನ್ನ ಅವರು ಒಪ್ಪಂದದಲ್ಲೇ ಹಾಕ್ಸಿದಾರೆ. ನಾಲ್ಕು ಜನ ಟೆಕ್ನಿಷಿಯನ್ನರು ಜೊತೆಗೆ ಹೋಗ್ಬೇಕು, ಎರಡು ವರ್ಷಕ್ಕೆ. ಮೊದಲನೇ ಹೆಸರು ನನ್ನದು. ಸೋಮವಾರ ಸಂಜೆಯೊಳಗೆ ಸಹಿ ಹಾಕ್ಬೇಕು."

ಅವಳು ನನ್ನನ್ನೇ ನೋಡುತ್ತಾ ನಿಂತಳು. ಕಣ್ಣು ಮಿಟುಕಿಸಲಿಲ್ಲ. ಏನನ್ನೋ ಕೇಳಲು ಬಂದಿದ್ದಾಳೆ ಎಂದು ಟ್ಯಾಂಕಿನ ಮೇಲೆ ಕೂತ ಕಾಗೆಗೂ ತಿಳಿಯುವಂತಿತ್ತು.

"ಅಭಿನಂದನೆಗಳು," ಎಂದೆ ನಾನು.

ಅವಳು ಬ್ಯಾಗು ಹೆಗಲಿಗೇರಿಸಿ ಇಳಿದು ಹೋದಳು.

*

"ಅಭಿನಂದನೆಗಳಾ?" ಅಕ್ಕ ಹಣೆ ಚಚ್ಚಿಕೊಂಡಳು. "ಅಭಿನಂದನೆಗಳು ಅಂದ್ಯಾ? ಹೂಗುಚ್ಛ ಒಂದು ಕೊಡೋದಿತ್ತು ಜೊತೆಗೆ! ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡ್ಯಲ್ಲೋ."

"ಅವಳು ಹೋಗ್ಲೇಬೇಕು ಅಕ್ಕ. ಅವಳಿಲ್ದಿದ್ರೆ ಆ ವಿಮಾನಗಳು ಉಳಿಯಲ್ಲ. ಬೇಡ ಅಂತ ಹೇಗೆ ಹೇಳ್ಲಿ?"

"ಬೇಡ ಅನ್ನು ಅಂತ ಯಾರು ಹೇಳಿದ್ರು? ನಿನಗೇನು ಬೇಕು ಅಂತ ಬಾಯಿಬಿಟ್ಟು ಹೇಳು. ಅಂಗಡಿ ನಾನು ನೋಡ್ಕೊಳ್ತೀನಿ. ನಿನಗಿಂತ ಮುಂಚೆ ಲೆನ್ಸ್ ಉಜ್ಜೋದು ಕಲಿತೋಳು ನಾನು."

ಭಾನುವಾರವೆಲ್ಲ ಚಾವಣಿ ನೋಡುತ್ತಾ ಮಲಗಿದ್ದೆ. ಎರಡು ವರ್ಷ ಕಾಯಬಹುದು ಅನ್ನಿಸಿತು. ಆಮೇಲೆ ಗುರುವಾರಗಳನ್ನು ಲೆಕ್ಕ ಹಾಕಿದೆ, ನೂರಕ್ಕೂ ಮೇಲೆ. ಒಂದನ್ನೂ ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ.

ಸೋಮವಾರ ಮಧ್ಯಾಹ್ನ ಹ್ಯಾಂಗರಿನ ಗೇಟಿನ ಮುಂದೆ ಹೋಗಿ ನಿಂತೆ. ಶಿಫ್ಟ್ ಬಿಟ್ಟಿತು. ನೀಲಿ ಡ್ರೆಸ್ಸಿನವರು ಸಾಲಾಗಿ ಹೊರಗೆ ಬಂದರು. ಅವಳು ನನ್ನನ್ನು ಕಂಡು ನಿಂತಳು. ಕನ್ನಡಕ ಹಣೆಯ ಮೇಲಿತ್ತು. ಅದನ್ನು ಕೆಳಗಿಳಿಸಿ, ಇವನೇ ಹೌದೋ ಅಲ್ಲವೋ ಎಂಬಂತೆ ನೋಡಿದಳು.

"ಹೋಗ್ಬೇಡಿ ಅಂತ ಹೇಳೋಕೆ ಬಂದ್ರಾ?"

"ಇಲ್ಲ. ಹೋಗ್ಲೇಬೇಕು. ನಾನು ಬರ್ದಿದ್ದು ಸರಿ."

ಅವಳ ಮುಖ ಬಾಡಿತು. "ಅದನ್ನ ಹೇಳೋಕೆ ಇಷ್ಟು ದೂರ ಬರ್ಬೇಕಿತ್ತಾ?"

"ನಾನೂ ಬರ್ತೀನಿ ಅಂತ ಹೇಳೋಕೆ ಬಂದೆ."

"ಎಲ್ಲಿಗೆ? ಸರಕು ಕಂಪನೀಲಿ ನಿಮಗೇನು ಕೆಲಸ?"

"ಆ ಊರಲ್ಲಿ ಜನಕ್ಕೆ ನಲವತ್ತು ವರ್ಷ ಆಗಲ್ವಾ? ಅಕ್ಷರ ಮಂಜಾಗಲ್ವಾ? ಕೆಳಗೆ ನೋಡೋರಿಗೂ ಮಾಡಿಕೊಡ್ತೀನಿ, ಮೇಲೆ ನೋಡೋರಿಗೂ ಮಾಡಿಕೊಡ್ತೀನಿ." ಅಲ್ಲಿಗೇ ನಿಲ್ಲಿಸಲಿಲ್ಲ. "ಯಾವ ಕಂಪನಿ ಯಾವ ವಿಮಾನ ಇಟ್ಕೋಬೇಕು ಅಂತ ಸಾವಿರ ಪುಟ ಬರ್ದಿದೀನಿ. ನನಗೇನು ಬೇಕು ಅಂತ ಒಂದು ಸಾಲು ಹೇಳೋಕೆ ಆಗ್ಲಿಲ್ಲ. ನನಗೆ ನೀನು ಬೇಕು. ಮದುವೆ ಮಾಡ್ಕೊಳ್ತೀಯಾ?"

ಗೇಟಿನ ಹತ್ತಿರ ಸೈಕಲ್ ಬೀಗ ತೆಗೆಯುತ್ತಿದ್ದವರೆಲ್ಲ ಹಾಗೇ ನಿಂತರು. ಅವಳ ಕಿವಿ ಕೆಂಪಾಯಿತು.

"ಎಲ್ಲರ ಎದುರಿಗೆ ಕೇಳ್ತೀರಲ್ಲ, ಬುದ್ಧಿ ಇದೆಯಾ?" ಎಂದು ಗದರಿದಳು. ಬಾಯಿ ಗದರುತ್ತಿತ್ತು, ಕಣ್ಣು ನಗುತ್ತಿತ್ತು. ಹತ್ತಿರ ಬಂದು ನನ್ನ ಶರ್ಟಿನ ಜೇಬಿನಿಂದ ಪೆನ್ನು ತೆಗೆದುಕೊಂಡಳು.

"ಸಹಿ ಹಾಕಿ ಬರ್ತೀನಿ. ಎಲ್ಲೂ ಹೋಗ್ಬೇಡ," ಎಂದಳು.

*

ಮುಂದಿನ ತಿಂಗಳು ಅವಳು ಮೊದಲು ಹೊರಟಳು, ನಾಲ್ಕನೇ ವಿಮಾನದ ಜೊತೆಗೆ. ಖಾಲಿ ವಿಮಾನ ತಲುಪಿಸುವ ಆ ಹಾರಾಟದಲ್ಲಿ ಕನ್ನಡಕದವನಿಗೆ ಜಾಗವಿರಲಿಲ್ಲ. ಅಂಗಡಿಯನ್ನು ಅಕ್ಕನಿಗೆ ಒಪ್ಪಿಸಿ ನಾನು ಹೊರಡಲು ಇನ್ನೂ ಮೂರು ವಾರ ಬೇಕಿತ್ತು.

ಅವತ್ತು ಟೆರೇಸು ತುಂಬ ನನ್ನ ಜೊತೆಯ ಹುಚ್ಚರು, ಉದ್ದುದ್ದ ಲೆನ್ಸಿನ ಕ್ಯಾಮೆರಾಗಳು. ಆ ವಿಮಾನ ಈ ರನ್‌ವೇಯಿಂದ ಏಳುವುದು ಇದೇ ಕೊನೆ. ಎಲ್ಲರೂ ಕ್ಯಾಮೆರಾ ಎತ್ತಿ ಕಾದರು. ನಾನು ಬೈನಾಕ್ಯುಲರ್ ಹಿಡಿದು ಟ್ಯಾಂಕಿಗೆ ಒರಗಿ ನಿಂತಿದ್ದೆ.

ಅದು ಬೆಳಗಿನ ಬಿಸಿಲಿನಲ್ಲಿ ಓಡಿತು, ಎದ್ದಿತು, ತೇಲುತ್ತಾ ಹೋಗಿ ಮೋಡದ ಅಂಚಿನಲ್ಲಿ ಮರೆಯಾಯಿತು. ಫ್ರೇಮುಗಳು ಕೆಳಗೆ ಗಡಗಡ ಎಂದು ಸುಮ್ಮನಾದವು.

"ಎಲ್ಲಿ ಮೂಗೆತ್ತಿತು ನೋಡಿದ್ಯಾ? ಬೇಗ ಎತ್ತಿದ ಹಾಗಿತ್ತಲ್ಲ?" ಪಕ್ಕದವನು ಕೇಳಿದ.

"ನೋಡ್ಲಿಲ್ಲ."

"ಚಕ್ರ ಯಾವಾಗ ಒಳಗೆ ಹೋಯ್ತು?"

"ಗೊತ್ತಿಲ್ಲ ಕಣಪ್ಪ."

"ಫೋಟೋನಾದ್ರೂ ತೆಗೆದ್ಯಾ?"

"ಇಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಇಪ್ಪತ್ತು ವರ್ಷದಿಂದ ಇದೇ ಟೆರೇಸಿನಲ್ಲಿ ನಿಂತು ಪ್ರತಿ ಟೇಕಾಫಿನ ಸೆಕೆಂಡು ಸೆಕೆಂಡನ್ನೂ ಅವರಿಗೆ ವಿವರಿಸಿದವನು ನಾನು.

"ಮತ್ತೆ ಏನು ನೋಡ್ತಿದ್ದೆ ಮಾರಾಯ, ಅಷ್ಟು ಹೊತ್ತು?"

"ಎಡಗಡೆ ಮೂರನೇ ಕಿಟಕಿ," ಎಂದೆ. "ಅಲ್ಲಿಂದ ಕೈ ಬೀಸ್ತಿದ್ಲು."