ಸುಯಂಬು ನಾಡಾರರ ಕೊನೆಯ ಪದನೀರು

"ನಂಗೆ ವಕೀಲರು ಬೇಡ ತಾಯಿ. ಕೊಂದಿದ್ದು ನಾನೇ."

ಜೈಲಿನ ಭೇಟಿ ಕೋಣೆಯಲ್ಲಿ ಮಾಸಿಲಾಮಣಿ ತಲೆಯೆತ್ತದೆ ಕೂತಿದ್ದ. ತಾಟಿಮರ ಹತ್ತಿ ಪದನೀರು, ಅಂದರೆ ಹುಳಿಯದ ಸಿಹಿ ರಸ, ಇಳಿಸುವುದು ಅವನ ಕಸುಬು. ಅವನು ಇಳಿಸಿದ್ದನ್ನು ಕುಡಿದೇ ತೋಟದ ಯಜಮಾನ ಸುಯಂಬು ನಾಡಾರ್ ಸತ್ತಿದ್ದರು. ಬಡ ಆರೋಪಿಗಳ ಪರವಾಗಿ ಸರಕಾರದ ಖರ್ಚಿನಲ್ಲಿ ವಾದಿಸುವವರು ಪೊನ್ಮಲರ್ ಅಕ್ಕ; ನಾನು ಅವರ ಕಿರಿಯ ವಕೀಲೆ. ಅವನ ಹೆಂಡತಿ ಅನ್ನಕಿಳಿ ಗೋಗರೆದದ್ದಕ್ಕೆ ಬಂದಿದ್ದೆವು. ಅಜ್ಜಿಯ ಕತೆಗಳಲ್ಲಿ ಪಾಪ ಹೊತ್ತವರು ಕಲ್ಲಾಗುತ್ತಿದ್ದರು. ಇವನು ಅರ್ಧ ಕಲ್ಲಾಗಿಬಿಟ್ಟಿದ್ದ.

"ಹಿಡಿದಿದ್ದೂ ಸರ್ಕಾರ, ಬಿಡಿಸೋಕೆ ಬಂದಿರೋದೂ ಸರ್ಕಾರ. ಒಳ್ಳೇ ಆಟ!"

"ಆಟ ಅಂತಾನೇ ಇಟ್ಕೊ ಅಣ್ಣಾಚಿ. ಹೆಂಗೆ ಕೊಂದೆ, ಅದನ್ನ ಹೇಳು," ಅಂದರು ಅಕ್ಕ.

"ಬಾಳೆಗೆ ಔಷಧಿ ಹೊಡೆದಿದ್ದೆ. ಅದೇ ಕೈಯಲ್ಲಿ ಮಡಕೆ ಒಳಗೆ ಸುಣ್ಣ ಬಳಿದು ಮರಕ್ಕೆ ಕಟ್ಟಿದೆ. ಕೈ ತೊಳೆದ ನೆನಪಿಲ್ಲ. ಯಜಮಾನ್ರು ಮರದಿಂದ ಇಳಿದ ಮಡಕೆಯಲ್ಲೇ ಕುಡಿಯೋರು, ಬೇರೆ ಪಾತ್ರೆ ಮುಟ್ತಿರ್ಲಿಲ್ಲ. ಬೆಳಿಗ್ಗೆ ಅವರ ಸೋದರಳಿಯ ತವಸಿಮುತ್ತು ಮಡಕೆ ಇಸ್ಕೊಂಡು ಹೋದ."

ಅಕ್ಕ ಬೇರೇನೂ ಕೇಳಲಿಲ್ಲ. ವಿಚಾರಣೆಯ ದಿನ ಪೊಲೀಸರು ಜಪ್ತಿ ಮಾಡಿದ್ದ ಮಡಕೆಯನ್ನು ನ್ಯಾಯಾಲಯಕ್ಕೆ ತರಿಸಿದರು. ಇನ್ಸ್‌ಪೆಕ್ಟರು, ಅನ್ನಕಿಳಿ, ಯಜಮಾನರ ನೆಂಟರು, ಕಟಕಟೆಯಲ್ಲಿ ಮಾಸಿಲಾಮಣಿ, ಎಲ್ಲರೂ ಅಲ್ಲಿದ್ದರು. ಕಟಕಟೆಯ ಪಕ್ಕದಲ್ಲೇ ತವಸಿಮುತ್ತು ಸಾಕ್ಷಿ ಹೇಳಲು ನಿಂತ.

"ಮರದಿಂದ ಇಳಿದ ಮಡಕೆ ಇದೇನಾ ತಮ್ಮಾ?" ಅಕ್ಕ ಕೇಳಿದರು.

"ಇದೇ. ನಾನು ಬಿಟ್ರೆ ಇನ್ಯಾರೂ ಮುಟ್ಟಿಲ್ಲ."

ಅಕ್ಕ ಮಡಕೆಯನ್ನು ನ್ಯಾಯಾಧೀಶರೆದುರು ಬೆಳಕಿಗೆ ಓರೆ ಮಾಡಿ ಹಿಡಿದರು. ಒಳಗೆಲ್ಲ ಬರೀ ಕೆಂಪು ಮಣ್ಣು.

"ಸುಣ್ಣದ ಗುರುತೇ ಇಲ್ಲ ನೋಡಿ. ಸುಣ್ಣ ಬಳಿಯದ ಮಡಕೆ ಮರದ ಮೇಲೆ ರಾತ್ರಿ ಕಳೆದರೆ ಬೆಳಿಗ್ಗೆಗೆ ರಸ ಹುಳಿತು ಕಳ್ಳಾಗುತ್ತದೆ. ಆದರೆ ಇದರ ತಳದಲ್ಲಿ ಉಳಿದದ್ದು ಸಿಹಿ ಪದನೀರು ಎಂದು ಪ್ರಯೋಗಾಲಯದ ವರದಿಯಿದೆ. ಅಂದರೆ ಅದು ಸುಣ್ಣದ ಮಡಕೆಯಲ್ಲಿ ಇಳಿದು ಆಮೇಲೆ ಇದಕ್ಕೆ ಬಿದ್ದಿದೆ. ವಿಷವೋ, ತೊಳೆಯದ ಕೈಗೆ ಅಂಟಿಕೊಂಡಿರುವಷ್ಟಲ್ಲ, ಬಟ್ಟಲಲ್ಲಿ ಸುರಿದಷ್ಟಿದೆ. ನಡುವೆ ಮುಟ್ಟಿದವನು ತಾನೊಬ್ಬನೇ ಎಂದು ತವಸಿಮುತ್ತುವೇ ಹೇಳಿದ್ದಾನೆ. ಆ ಸುಣ್ಣದ ಮಡಕೆ ಎಲ್ಲಿ ತಮ್ಮಾ?"

ತವಸಿಮುತ್ತು ಮಡಕೆಯಿಂದ ಕಣ್ಣು ಕಿತ್ತು ಮಾಸಿಲಾಮಣಿಯ ಕಡೆ ನೋಡಿದ.

"ಜಾರಿ ಒಡೆದೋಯ್ತು... ಅರ್ಧ ರಸ ಚೊಂಬಿಗೆ ಬಗ್ಗಿಸಿ ಔಷಧಿ ಬೆರೆಸ್ತಿದ್ದೆ. ಕೊಟ್ಟಿಗೇಲಿ ಇಂಥದ್ದೇ ಹೊಸ ಮಡಕೆ ಇತ್ತು, ಚೊಂಬಿನ ರಸ ಅದಕ್ಕೆ ಹುಯ್ದೆ. ನನ್ನ ಎತ್ತಿ ಆಡಿಸಿದ ಮಾವ ಅವರು. ತೋಟ ನಿಂಗೇ ಅಂದೋರು ಮಾರೋಕೆ ಹೊರಟ್ರು. ಅದಕ್ಕೇ ನಾನು..."

"ಸಾಕು, ನಿಲ್ಲಿಸು!" ಅಕ್ಕ ಗದರಿದ ರಭಸಕ್ಕೆ ಇನ್ಸ್‌ಪೆಕ್ಟರೂ ಬೆಚ್ಚಿದರು. "ಇನ್ನೊಂದು ಮಾತು ಆಡಬೇಡ. ನಿನಗೂ ವಕೀಲರನ್ನ ಕೊಡ್ತಾರೆ, ಅವರು ಬರೋವರೆಗೆ ಬಾಯಿ ಬಿಡಬೇಡ." ಆಮೇಲೆ ನನಗೆ, "ಓಡು, ಕಚೇರಿಯಿಂದ ಯಾರನ್ನಾದರೂ ಕರೆದುಕೊಂಡು ಬಾ. ನಾನು ಮಾಸಿಲಾಮಣಿಯ ವಕೀಲೆ, ಇವನ ಪರ ನಿಲ್ಲೋ ಹಾಗಿಲ್ಲ."

ಓಡಿದೆ. ಬಾಗಿಲಲ್ಲಿ ತಿರುಗಿ ನೋಡಿದರೆ ನೆಂಟರೆಲ್ಲ ತವಸಿಮುತ್ತುವಿನಿಂದ ದೂರ ಸರಿದಿದ್ದರು. ಕುಸಿಯುತ್ತಿದ್ದ ಅವನ ತೋಳನ್ನು ಮಾಸಿಲಾಮಣಿಯೊಬ್ಬನೇ ಹಿಡಿದು ನಿಂತಿದ್ದ.