ಎಪ್ಪತ್ತೊಂದನೇ ಕಂಬ

ಪಂಪ್‌ಹೌಸಿಗೆ, ಡಯಾಲಿಸಿಸ್ ಕೇಂದ್ರಕ್ಕೆ, ಮೊಬೈಲ್ ಟವರಿಗೆ ಬೇರೆ ಬೇರೆ ದಾರಿಯಲ್ಲಿ ಲೈನು ಎಳೆದುಕೊಡುತ್ತೇವೆ ಎಂದು 2012ರಲ್ಲಿ ಒಬ್ಬ ಎಂಜಿನಿಯರು ಗುಂಡ್ಲುಪೇಟೆಯ ಸಭೆಯಲ್ಲಿ ಮೈಕು ಹಿಡಿದು ಮಾತು ಕೊಟ್ಟಿದ್ದರು. ಜನ ಚಪ್ಪಾಳೆ ತಟ್ಟಿದ್ದರು.

2024ರ ಆಗಸ್ಟ್ 13, ಮಂಗಳವಾರ, ಬೆಳಿಗ್ಗೆ 9.40ಕ್ಕೆ ಠಾಣೆಗೆ ದೂರು ಬಂತು. ತಂದವನು ಲೈನ್‌ಮನ್ ಶರತ್. ಫೋನುಗಳು ಸತ್ತಿದ್ದರಿಂದ ಬೈಕಿನಲ್ಲೇ ಓಡಿ ಬಂದಿದ್ದ. ಹೆದ್ದಾರಿ ಬದಿಯ ಎಪ್ಪತ್ತೊಂದನೇ ಕಂಬದಲ್ಲಿ ಯಾರೋ ವಿದ್ಯುತ್ ತಂತಿಯನ್ನೂ ಟವರಿನ ಕೇಬಲನ್ನೂ ಕತ್ತರಿಸಿದ್ದರು. ಕರೆಂಟು ಹೋಗಿ ಪಂಪು ನಿಂತಿತ್ತು. ಪಂಪು ನಿಂತು ಡಯಾಲಿಸಿಸ್ ಯಂತ್ರಗಳಿಗೆ ನೀರಿರಲಿಲ್ಲ. ಟ್ಯಾಂಕರು ಕರೆಯೋಣವೆಂದರೆ ಫೋನಿಲ್ಲ.

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಶಿವರಾಮುವಿನ ಪೆನ್ನು ಅಲ್ಲೇ ನಿಂತಿತು. ಪ್ರತಿ ಮಂಗಳವಾರ, ಶುಕ್ರವಾರ ಅವನ ಹೆಂಡತಿ ಕುಮಾರಿ ಬೆಳಿಗ್ಗೆ ಏಳಕ್ಕೇ ಆ ಕೇಂದ್ರದಲ್ಲಿ ಮಲಗಿರುತ್ತಿದ್ದಳು. ಅರ್ಧಕ್ಕೇ ಯಂತ್ರ ಬಿಡಿಸಿ ಅವಳನ್ನು ಆಂಬುಲೆನ್ಸಿನಲ್ಲಿ ಚಾಮರಾಜನಗರಕ್ಕೆ ಸಾಗಿಸಿದ್ದಾರೆಂದು ಗೊತ್ತಾಗುವಾಗ ಹತ್ತೂವರೆ.

"ನೀವು ಹೊರಡಿ ಶಿವರಾಮು," ಎಂದರು ಎಸ್‌ಐ ಭಾನು.

"ಜೊತೇಲಿ ನನ್ ತಂಗಿ ಅವ್ಳೆ ಮೇಡಮ್. ಶುಕ್ರವಾರ ಮತ್ತೆ ಕತ್ತರ್ಸುದ್ರೆ? ಅಷ್ಟರೊಳಗೆ ಅವ್ನು ಸಿಕ್ಬೇಕು."

11.15ಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಕಂಬದ ಬಳಿ ಪಂಚನಾಮೆ. ತಂತಿ ಕತ್ತರಿಸುವ ಮುನ್ನ ಕಂಬದ ಸ್ವಿಚ್ಚನ್ನು ಕೆಳಕ್ಕೆಳೆದಿದ್ದರು. ಅದರ ಹಿಡಿಗೆ ಹೊಂಗೆ ಸೊಪ್ಪಿನ ಒಂದು ಕೊಂಬೆ ಕಟ್ಟಿತ್ತು.

"ಇದೇನ್ಲಾ ಶರತ್, ತೋರಣ?" ಶಿವರಾಮು ಕೇಳಿದ.

"ನಮ್ಮವ್ರ ಗುರುತು ಸಾ. ಲೈನ್ ಮೇಲೆ ಆಳು ಅವ್ನೆ, ಕರೆಂಟು ಬುಡ್ಬೇಡಿ ಅಂತ."

"ನೀನೂ ಕಟ್ತೀಯಾ?"

"ನಮ್ಗೆ ಈಗ ಕೆಂಪು ಬೋರ್ಡು ಕೊಟ್ಟವ್ರೆ. ಸೊಪ್ಪು ಕಟ್ತಿದ್ದೋರು ಹಳಬ್ರು. ಮೇಕೆ ಬಂದು ಮೇಯ್ದ್‌ಬುಟ್ರೆ ಏನಣ್ಣಾ ಗತಿ ಅಂತ ರೇಗಿಸ್ತಿದ್ವಿ."

ಹಳಬರಲ್ಲಿ ನಿವೃತ್ತರಾದವರು ಮೂವರು. ಒಬ್ಬರು ತೀರಿಹೋಗಿದ್ದರು, ಇನ್ನೊಬ್ಬರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಮೂರನೆಯವನು ಮುದ್ದಯ್ಯ, ಈರುಳ್ಳಿ ಮಂಡಿಯಲ್ಲಿ ತೂಕಕ್ಕೆ ನಿಲ್ಲುತ್ತಿದ್ದ.

ಬುಧವಾರ ಬೆಳಿಗ್ಗೆ 8.20. ಮಂಡಿ.

"ನಿನ್ನೆ ಬೆಳಿಗ್ಗೆ ಎಲ್ಲಿದ್ರಿ ಯಜಮಾನ್ರೇ?" ಶಿವರಾಮು ಕೇಳಿದ.

"ಇಲ್ಲೇ."

"ನೀವು ಬಂದದ್ದು ಹತ್ತಕ್ಕೆ ಅಂತಾರೆ."

"ವಯಸ್ಸಾಯ್ತು. ನಿದ್ದೆ ಹತ್‌ಬುಡ್ತದೆ."

"ಸ್ವಿಚ್ಚಿಗೆ ಸೊಪ್ಪು ಯಾಕೆ ಕಟ್ಟಿದ್ರಿ?"

ಮುದ್ದಯ್ಯ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟ. "ಕಟ್ಟಿದ್ನಾ?" ಎಂದ, ತನ್ನನ್ನೇ ಕೇಳಿಕೊಳ್ಳುವವನಂತೆ. ಮೂವತ್ತು ವರ್ಷ ಮಾಡಿದ ಕೆಲಸವನ್ನು ಕೈ ತಾನಾಗಿಯೇ ಮಾಡಿ ಮುಗಿಸಿತ್ತು.

ಅವನ ಮನೆಯ ಅಟ್ಟದಲ್ಲಿ ಕಟರ್ ಸಿಕ್ಕಿತು. ಜಪ್ತಿ ಪಂಚನಾಮೆ ಮುಗಿಸಿ 11.50ಕ್ಕೆ ದಸ್ತಗಿರಿ ಮಾಡಿದರು.

ಠಾಣೆಯಲ್ಲಿ ಭಾನು ಎದುರು ಅವನು ಏನನ್ನೂ ಮುಚ್ಚಿಡಲಿಲ್ಲ. "ಐದು ವರ್ಷದ ಇಂದೆ ಗಾಳಿಗೆ ಆ ಕಂಬ ಬಿತ್ತು ತಾಯಿ. ನನ್ ಎಂಡ್ತಿ ಮಲ್ಲಾಜಮ್ಮ ಯಂತ್ರದಲ್ಲಿ ಮಲಗಿದ್ಲು. ನಾನೇ ನಿಂತು ತಂತಿ ಜೋಡ್ಸೋ ಒತ್ಗೆ ಅವ್ಳು ಓಗ್‌ಬುಟ್ಟಿದ್ಲು. ಬೇರೆ ಲೈನು ಎಳೀರಿ ಅಂತ ಅನ್ನೊಂದು ಅರ್ಜಿ ಬರ್ದೆ. ಒಂದಿನ ಊರೆಲ್ಲ ನಿಂತೋದ್ರೆ ಎಳೀತಾರೆ ಅಂದ್ಕಂಡೆ. ಯಂತ್ರ ಶುರುವಾಗೋದು ಅನ್ನೊಂದಕ್ಕೆ, ಅಷ್ಟರಲ್ಲಿ ಸರಿ ಮಾಡ್ಕತಾರೆ ಅಂತ ಬೆಳಿಗ್ಗೇನೇ ಕತ್ತರ್ಸ್‌ದೆ."

"ಈಗ ಏಳಕ್ಕೇ ಶುರು," ಎಂದ ಶಿವರಾಮು. "ಕುಮಾರಿ ಅಂತ, ನನ್ ಎಂಡ್ತಿ. ನಿನ್ನೆ ಮಲಗಿದ್ಲು."

ಮುದ್ದಯ್ಯ ತಲೆ ಎತ್ತಿದ. "ಬದುಕವ್ಳಾ?"

"ಅವ್ಳೆ. ಬದುಕವ್ಳೆ."

ಮುದುಕ ಗೋಡೆಗೆ ತಲೆ ಆನಿಸಿ ಅತ್ತ. ಶಿವರಾಮು ಒಂದು ಲೋಟ ನೀರು ತಂದು ಅವನ ಮುಂದಿಟ್ಟು ಹೊರಗೆ ಹೋದ.

ಹನ್ನೊಂದೂ ಅರ್ಜಿಗಳ ನಕಲನ್ನು ಭಾನು ಕಡತಕ್ಕೆ ಸೇರಿಸಿದರು. ಒಂದು ಕಂಬ ಕೆಟ್ಟರೆ ಮೂರೂ ಕೆಡುವ ಈ ವ್ಯವಸ್ಥೆಗೆ ಯಾರು ಬೇಕಾದರೂ ಮತ್ತೆ ಕೈ ಹಾಕಬಹುದು ಎಂದು ಮೇಲಿನವರಿಗೆ ಬರೆದರು.

ಶುಕ್ರವಾರ ಕುಮಾರಿ ನಾಲ್ಕು ಗಂಟೆಯೂ ಪೂರ್ತಿ ಯಂತ್ರದಲ್ಲಿ ಮಲಗಿ ಎದ್ದಳು. ಕಂಬಕ್ಕೆ ಒಬ್ಬ ಹೋಂಗಾರ್ಡ್ ಕಾವಲು ಬಂದ. ಬೇರೆ ದಾರಿಯ ಲೈನು ಬರಲಿಲ್ಲ. 2012ರಲ್ಲಿ ಕೊಟ್ಟ ಮಾತನ್ನು ಯಾರೂ ನಡೆಸಿಕೊಡಲಿಲ್ಲ.